ರಾಣಿ ಜೇನು, ಎಪ್ಪತ್ತಮೂರು

ನೋರಾ ಲೆಡ್‌ಬೆಟರ್‌ಗೆ ತನ್ನ ಗೆಳತಿಯ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಫ್ಲೀಟ್‌ವುಡ್ಡಿನ ಬಂದರು ಬೀದಿಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಆ ಗೆಳತಿ ಕ್ವೀನಿ ಸ್ವಾರ್‌ಬ್ರಿಕ್ ಒಬ್ಬಳೇ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಇಬ್ಬರೂ ಒಂದೇ ಬೀದಿಯವರು. ಶಾಲೆ ಬಿಟ್ಟ ಕೂಡಲೇ ಇಬ್ಬರೂ ಬಂದರಿನ ಬಲೆ ಮಾಳಿಗೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹೆಂಗಸರು ಸಾಲಾಗಿ ನಿಂತು ಟ್ರಾಲರ್ ದೋಣಿಗಳಿಗೆ ಬಲೆ ಹೆಣೆಯುತ್ತಿದ್ದರು. ನೋರಾಳದು ಬಲು ಚುರುಕು ಕೈ. ಮರದ ಸೂಜಿ ಅವಳ ಬೆರಳುಗಳ ನಡುವೆ ಎಲ್ಲಿ ಹೊಕ್ಕಿತು, ಎಲ್ಲಿ ಹೊರಟಿತು ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ. ಕ್ವೀನಿ ಹಾಕಿದ ಗಂಟು ಸಂಜೆಯೊಳಗೆ ಸಡಿಲವಾಗುತ್ತಿತ್ತು. ಮೇಸ್ತ್ರಿ ನೋಡುವ ಮೊದಲೇ ಅದನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದವಳು ನೋರಾ. ಆದರೂ ಮೇಸ್ತ್ರಿ ಬೆಳಿಗ್ಗೆ ಬಂದು ಮೊದಲು ಕೇಳುತ್ತಿದ್ದದ್ದು ಕ್ವೀನಿ ಬಂದಳೇ ಎಂದು. ಕ್ವೀನಿ ನಕ್ಕರೆ ಎದುರಿದ್ದವರ ಮುಖವೂ ಅರಳುತ್ತಿತ್ತು, ಅಷ್ಟೇ. ಅದಕ್ಕಾಗಿ ಅವಳು ಏನೂ ಮಾಡುತ್ತಿರಲಿಲ್ಲ. ನೋರಾಳ ಸ್ವಂತ ತಾಯಿಯೇ ರೊಟ್ಟಿ ಕೊಯ್ಯುವಾಗ ಕ್ವೀನಿಗೆ ದಪ್ಪ ತುಂಡು ಕೊಡುತ್ತಿದ್ದಳಂತೆ. ಮುದುಕಿಯಾದ ಮೇಲೂ ನೋರಾ ಆ ತುಂಡು ಎಷ್ಟು ದಪ್ಪವಿತ್ತೆಂದು ಬೆರಳಲ್ಲಿ ಅಳೆದು ತೋರಿಸುತ್ತಿದ್ದಳು.

ಇಬ್ಬರೂ ಮೀನುಗಾರರನ್ನೇ ಮದುವೆಯಾದರು. ನಮ್ಮೂರಿನಲ್ಲಿ ಬೇರೆ ಗಂಡಸರು ಎಲ್ಲಿದ್ದರು? ವಾರಗಟ್ಟಲೆ ಐಸ್‌ಲ್ಯಾಂಡ್ ಕಡೆಯ ಕಡಲು, ಒಂದೆರಡು ದಿನ ಮನೆ, ಮತ್ತೆ ಕಡಲು. ನೋರಾಳ ಗಂಡ ವಾಲ್ಟರ್ ದೇಶದ ಇನ್ನೊಂದು ಕರಾವಳಿಯ ಗ್ರಿಮ್ಸ್‌ಬಿಯಲ್ಲಿ ಒಳ್ಳೆಯ ದೋಣಿ ಸಿಕ್ಕಿತೆಂದು ಹೋದ. ಅಲ್ಲಿ ಅವನಿಗೆ ದೋಣಿಯ ಜೊತೆಗೆ, ಬಾಡಿಗೆ ಕೋಣೆ ಕೊಟ್ಟ ಮನೆಯ ಒಡತಿಯೂ ಸಿಕ್ಕಳು. ಅವನು ವಾಪಸ್ಸು ಬರಲಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಒಂದು ಸಲ ಬರಲಿಲ್ಲ, ಇನ್ನೊಂದು ಸಲ ಬರಲಿಲ್ಲ. ಆಮೇಲೆ ಅವನ ಚಳಿಗಾಲದ ಅಂಗಿಗಳನ್ನು ಕಳಿಸಿಕೊಡಬೇಕೆಂದು ಯಾರ ಕೈಲೋ ಹೇಳಿಕಳಿಸಿದ. ನೋರಾ ಕಳಿಸಿಕೊಟ್ಟಳು, ಇಸ್ತ್ರಿ ಮಾಡಿ.

ಅದಾದ ಎರಡು ಚಳಿಗಾಲಗಳ ಮೇಲೆ ಕ್ವೀನಿಯ ಗಂಡ ಬರ್ಟ್ ಇದ್ದ ದೋಣಿ ಉತ್ತರದ ಬಿರುಗಾಳಿಯಲ್ಲಿ ಮುಳುಗಿತು. ಒಬ್ಬರೂ ಉಳಿಯಲಿಲ್ಲ. ಆ ದಿನ ಇಡೀ ಬೀದಿಯ ಮನೆಗಳು ಸಾವಿನ ಗೌರವಕ್ಕೆ ಕಿಟಕಿ ಪರದೆ ಎಳೆದವು. ಅಂಗಡಿಗಳು ಅರ್ಧ ಬಾಗಿಲು ಹಾಕಿದವು. ಕ್ವೀನಿಯ ಹೊಸ್ತಿಲಿಗೆ ಪಾದ್ರಿ ಬಂದರು, ಬಂದರಿನ ಅಧಿಕಾರಿ ಬಂದರು, ಬೀದಿಯ ಪ್ರತಿಯೊಬ್ಬ ಹೆಂಗಸೂ ಮನೆಯಲ್ಲೇ ಬೇಯಿಸಿ ಬಟ್ಟೆ ಮುಚ್ಚಿದ ಪೈ ಹಿಡಿದು ಬಂದಳು. ಒಲೆ ಹಚ್ಚಿದವಳು, ಬಟ್ಟೆ ಒಗೆದವಳು, ಕ್ವೀನಿಯನ್ನು ಎಬ್ಬಿಸಿ ಎರಡು ತುತ್ತು ತಿನ್ನಿಸಿದವಳು ನೋರಾ. ಆ ದಿನಗಳಲ್ಲಿ ಅವಳಷ್ಟು ದುಡಿದವರು ಇನ್ನೊಬ್ಬರಿಲ್ಲ. ಆದರೆ ಬಾಗಿಲಲ್ಲಿ ನಿಂತು ಒಂದೊಂದೇ ಪೈ ಕೈಗೆ ತೆಗೆದುಕೊಳ್ಳುವಾಗ ಅವಳ ಹೊಟ್ಟೆಯೊಳಗೆ ಏನೋ ಹೊತ್ತಿಕೊಳ್ಳುತ್ತಿತ್ತಂತೆ. ನನ್ನ ಗಂಡ ಹೋದಾಗ ಯಾರೂ ಪರದೆ ಎಳೆಯಲಿಲ್ಲ, ಒಂದು ಆಲೂಗಡ್ಡೆಯನ್ನೂ ತಂದುಕೊಡಲಿಲ್ಲ ಎಂದು. ಇದನ್ನು ಅವಳೇ ನನಗೆ ಹೇಳಿದ್ದು. ನಾಚಿಕೆಪಟ್ಟು ಹೇಳಲಿಲ್ಲ. ಇವತ್ತು ಗಾಳಿ ಜೋರು ಎನ್ನುವ ಹಾಗೆ ಹೇಳಿದಳು.

ನಾನು ಆಗ ಬಿಂಗೋ, ಅಂದರೆ ಹೌಸಿ ಆಟ, ನಡೆಯುವ ಹಾಲಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದೆ. ಹಳೆಯ ಸಿನಿಮಾ ಮಂದಿರ ಅದು. ಪರದೆಯಿದ್ದ ಜಾಗದಲ್ಲಿ ವೇದಿಕೆ, ವೇದಿಕೆಯ ಮೇಲೆ ಗಾಳಿಗೆ ಕುಣಿಯುವ ನಂಬರು ಬರೆದ ಚೆಂಡುಗಳ ಗಾಜಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ಕೊರಳಿಗೆ ಬೋ ಟೈ ಕಟ್ಟಿಕೊಂಡ ಸಿರಿಲ್ ಬ್ಯಾಂಬರ್. ಸಿರಿಲ್ ಹಿಂದೆ ಟ್ರಾಲರಿನಲ್ಲಿ ಅಡುಗೆಯವನಾಗಿದ್ದ. ಬಿರುಗಾಳಿಯಲ್ಲಿ ಊಟಕ್ಕೆ ಕರೆದು ಕರೆದು ಗಟ್ಟಿಯಾದ ಗಂಟಲು ಅವನದು. ಅವನು "ಕಣ್ಣು ಕೆಳಗೆ" ಎಂದರೆ ಇಡೀ ಹಾಲು ಗಪ್‌ಚಿಪ್. ನಂಬರಿನ ಚೀಟಿಗಳ ಮೇಲೆ ತಲೆಗಳು ಬಾಗುತ್ತಿದ್ದವು, ಕರೆದ ನಂಬರಿಗೆ ಗುರುತು ಹಾಕಲು ಪೆನ್ನುಗಳು ಮೇಲೇಳುತ್ತಿದ್ದವು.

ನಂಬರನ್ನು ಬರೀ ನಂಬರಾಗಿ ಕರೆಯುವವನನ್ನು ನಮ್ಮ ಹೆಂಗಸರು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಪ್ರತಿ ನಂಬರಿಗೂ ಅಂಕಿಯ ಆಕಾರಕ್ಕೋ ಪ್ರಾಸಕ್ಕೋ ಹೊಂದುವ ಒಂದು ಅಡ್ಡಹೆಸರು, ಪ್ರತಿ ಅಡ್ಡಹೆಸರಿಗೂ ಹಾಲಿನಿಂದ ಒಂದು ಉತ್ತರ. "ಜೋಡಿ ಬಾತುಕೋಳಿ, ಇಪ್ಪತ್ತೆರಡು" ಎಂದರೆ ಎಲ್ಲರೂ ಕ್ವಾಕ್ ಕ್ವಾಕ್ ಎನ್ನಬೇಕು. "ಚೆಂದದ ಕಾಲ್ಗಳು, ಹನ್ನೊಂದು" ಎಂದರೆ ಅಜ್ಜಿಯರೂ ಸಿಳ್ಳೆ ಹಾಕಬೇಕು. "ಇಬ್ಬರು ದಪ್ಪಮ್ಮಂದಿರು, ಎಂಬತ್ತೆಂಟು" ಎಂದರೆ ಕುರ್ಚಿಯಲ್ಲೇ ಮೈ ಕುಲುಕಿಸಬೇಕು. ಒಂಬತ್ತು ಡಾಕ್ಟರ ಮಾತ್ರೆ, ಇಪ್ಪತ್ತೊಂದು ಮನೆಯ ಬೀಗದ ಕೈ, ಹದಿನಾರು ಇನ್ನೂ ಮುತ್ತು ಕಾಣದವಳು, ತೊಂಬತ್ತು ಅಟ್ಟದ ತುದಿ. ಚೀಟಿ ತುಂಬಲು ಒಂದೇ ನಂಬರು ಬಾಕಿಯಿದ್ದವಳು "ಬೆವರುತ್ತಿದ್ದಾಳೆ". ತುಂಬದೆಯೇ ತುಂಬಿತೆಂದು "ಹೌಸ್" ಎಂದು ಕೂಗಿದವಳದು "ಭೂತದ ಕೂಗು". ಅದನ್ನು ಕೂಗಿದವಳನ್ನು ಮುಂದಿನ ಕ್ರಿಸ್‌ಮಸ್ಸಿನವರೆಗೂ ಯಾರೂ ರೇಗಿಸದೆ ಬಿಡುತ್ತಿರಲಿಲ್ಲ. ಒಳ್ಳೆಯ ನಂಬರು ಬಾರದಿದ್ದರೆ ಹಿಂದಿನ ಸಾಲಿನಿಂದ "ಚೆಂಡು ಅಲ್ಲಾಡಿಸೋ ಸಿರಿಲ್, ಗೊರಕೆ ಹೊಡೀತಾ ಇವೆ" ಎಂಬ ಕೂಗು.

ನೋರಾ ಇಲ್ಲಿಯೂ ಚುರುಕು. ಬೇರೆಯವರು ಒಂದು ಚೀಟಿ ಪುಸ್ತಕಕ್ಕೆ ಪೇಚಾಡುವಾಗ ಅವಳು ಮೂರನ್ನು ಹರಡಿಕೊಂಡು, ಜೊತೆಗೆ ಪಕ್ಕದಲ್ಲಿದ್ದ ಕ್ವೀನಿಯ ಚೀಟಿಯ ಮೇಲೂ ಕಣ್ಣಿಡುತ್ತಿದ್ದಳು. ಸಿರಿಲ್ ಬಾಯಿ ತೆರೆಯುವ ಮೊದಲೇ ಅಡ್ಡಹೆಸರನ್ನು ತನ್ನಷ್ಟಕ್ಕೆ ಗೊಣಗಿ ಮುಗಿಸುತ್ತಿದ್ದಳು. ಆದರೆ ಗೆಲ್ಲುತ್ತಿದ್ದವಳು ಹೆಚ್ಚಾಗಿ ಕ್ವೀನಿ.

ಬರ್ಟ್ ಹೋದ ಮೇಲೆ ಕ್ವೀನಿ ಬಹಳ ಕಾಲ ಹಾಲಿನ ಕಡೆ ಸುಳಿಯಲಿಲ್ಲ. ವಸಂತ ಕಳೆಯುವ ಹೊತ್ತಿಗೆ ನೋರಾಳೇ ಒತ್ತಾಯಿಸಿ ಕರೆತಂದಳು. ಕಪ್ಪು ಕೋಟು ತೊಟ್ಟು ತಲೆ ತಗ್ಗಿಸಿ ಕ್ವೀನಿ ಕೂತಳು. ಆಟದ ನಡುವೆ ಸಿರಿಲ್‌ನ ಕೈಗೆ ಎಪ್ಪತ್ತಮೂರು ಬಂತು. ಆ ನಂಬರಿನ ಹಳೆಯ ಅಡ್ಡಹೆಸರು ರಾಣಿ ಜೇನು. ಕ್ವೀನಿ ಎಂದರೂ ರಾಣಿಯೇ. ಸಿರಿಲ್ ಚೆಂಡನ್ನು ಬೆರಳಲ್ಲಿ ಹಿಡಿದು ಒಂದು ಕ್ಷಣ ನಿಂತ.

"ಗೂಡಿಗೆ ಬಂದವರು ಯಾರು? ನಮ್ಮ ರಾಣಿ ಜೇನು, ಎಪ್ಪತ್ತಮೂರು."

ಯಾರು ಶುರು ಮಾಡಿದರೋ ತಿಳಿಯದು, ಹಿಂದಿನ ಸಾಲಿನಲ್ಲಿ ಒಬ್ಬಳು ಝೂಂಯ್ ಎಂದಳು. ಪಕ್ಕದವಳು ಸೇರಿಕೊಂಡಳು. ನೋಡುನೋಡುತ್ತ ಇಡೀ ಹಾಲು ಜೇನುಗೂಡಿನ ಹಾಗೆ ಝೇಂಕರಿಸಿತು. ಕ್ವೀನಿ ತಲೆಯೆತ್ತಿದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ನಕ್ಕಳು, ಆಮೇಲೆ ಅತ್ತಳು. ಟಿಕೆಟ್ ಕಿಟಕಿಯಲ್ಲಿದ್ದ ನನಗೂ ಕಣ್ಣು ತುಂಬಿತು. ಝೂಂಯ್ ಎನ್ನದೆ ಕೂತವಳು ನೋರಾ ಒಬ್ಬಳೇ. ಅವಳು ತನ್ನ ಮೂರೂ ಪುಸ್ತಕಗಳಲ್ಲಿ ಎಪ್ಪತ್ತಮೂರನ್ನು ಹುಡುಕುತ್ತಿದ್ದಳು. ಒಂದರಲ್ಲಿಯೂ ಇರಲಿಲ್ಲ.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಎಪ್ಪತ್ತಮೂರು ಬಂದರೆ ಹಾಲು ಝೇಂಕರಿಸುತ್ತಿತ್ತು, ಕ್ವೀನಿ ತಲೆಯೆತ್ತಿ ನಗುತ್ತಿದ್ದಳು. ಅವಳು ನಕ್ಕು, ಗುರುತು ಹಾಕಿ ಮುಗಿಸುವವರೆಗೆ ಸಿರಿಲ್ ಮುಂದಿನ ಚೆಂಡು ತೆಗೆಯದೆ ಕಾಯುತ್ತಿದ್ದ.

ತನಗೂ ಒಂದು ನಂಬರು ಬೇಕೆಂಬ ಆಸೆ ನೋರಾಳಲ್ಲಿ ಹೇಗೆ ಬೇರುಬಿಟ್ಟಿತೋ. ಒಂದು ದಿನ ಚಹಾದ ಬಿಡುವಿನಲ್ಲಿ ಸಿರಿಲ್‌ನ ಹತ್ತಿರ ನಿಂತು, ತಮಾಷೆಗೆಂಬಂತೆ ಕೇಳಿಯೇಬಿಟ್ಟಳು.

"ಏನಪ್ಪಾ ಸಿರಿಲ್, ತೊಂಬತ್ತು ನಂಬರಿದಾವೆ. ನನ್ ಹೆಸರಿಗೆ ಒಂದೂ ಹೊಂದಲ್ವಾ?"

"ಹೊಂದದೆ ಏನು ತಾಯಿ. ತಲೆಗೆ ಹೊಳೀಬೇಕು, ತಡಿ" ಎಂದ ಸಿರಿಲ್.

ಆ ವಾರವೆಲ್ಲ ನೋರಾ ಮದುವೆ ಸಮಾರಂಭಕ್ಕೆ ತೊಡುವ ಹಸಿರು ಕೋಟು ತೊಟ್ಟು ಬಂದಳು. ಕೂದಲನ್ನೂ ಗುಂಗುರು ಮಾಡಿಸಿಕೊಂಡಿದ್ದಳು. ಕೊನೆಗೊಂದು ಮಧ್ಯಾಹ್ನ ಸಿರಿಲ್ ಚೆಂಡೊಂದನ್ನು ಎತ್ತಿ, ಅವಳ ಮೇಜಿನ ಕಡೆ ತಿರುಗಿ, ಪ್ರೀತಿಯಿಂದಲೇ ಹೇಳಿದ.

"ಒಬ್ಬಳೇ ಕೂತಳು ನೊಂದು, ನಮ್ಮ ನೋರಾ, ನಂಬರ್ ಒಂದು."

ಹಾಲು ಒಕ್ಕೊರಲಿನಿಂದ "ಅಯ್ಯೋ ಪಾಪ" ಎಂದಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆ ಸಾಲಿಗೆ ಆ ಉತ್ತರ ತಾನಾಗಿ ಬಂದುಬಿಟ್ಟಿತು. ಒಮ್ಮೆ ಬಂದ ಮೇಲೆ ಪ್ರತಿ ಸಲವೂ ಬರತೊಡಗಿತು. ಕ್ವೀನಿಗೆ ಜೇನಿನ ಝೇಂಕಾರ, ನೋರಾಳಿಗೆ ಅಯ್ಯೋ ಪಾಪ. ಒಂದು ಎಂಬ ನಂಬರು ಬಂದಾಗಲೆಲ್ಲ ಅವಳ ಕಿವಿ ಕೆಂಪಾಗುವುದನ್ನು ನಾನು ದೂರದಿಂದ ನೋಡುತ್ತಿದ್ದೆ. ಒಮ್ಮೆ ಕ್ವೀನಿ ಅವಳ ಮೊಣಕೈ ತಿವಿದು, ನಗೇ ಬರಲ್ವಾ ನಿಂಗೆ, ಹೆಸರು ಬಂತಲ್ಲ ಎಂದಳಂತೆ. ನೋರಾ ಆ ದಿನ ಅವಳ ಚೀಟಿಯ ಕಡೆ ಕಣ್ಣು ಹಾಯಿಸಲಿಲ್ಲ.

ಹೀಗಿರುವಾಗ ಸಿರಿಲ್‌ನ ಗಂಟಲು ಕಟ್ಟಿತು. ಮೊದಲು ಗೊಗ್ಗರು, ಆಮೇಲೆ ಬರೀ ಉಸಿರು. ಡಾಕ್ಟರು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರಬೇಕೆಂದರು. ಮ್ಯಾನೇಜರು ಬ್ಲ್ಯಾಕ್‌ಪೂಲ್ ಕಡೆಯಿಂದ ಒಬ್ಬನನ್ನು ಕರೆಸಿದರು. ಅವನು ಸೂಟು ಹಾಕಿಕೊಂಡು ಬಂದು ಇಪ್ಪತ್ತೆರಡು, ಹನ್ನೊಂದು, ಎಂಬತ್ತೆಂಟು ಎಂದು ರೈಲು ಬರುವ ಹೊತ್ತು ಹೇಳುವವನ ಹಾಗೆ ಓದಿದ. ಮೂರನೆಯ ಆಟಕ್ಕೆ ಹೆಂಗಸರು ಪೆನ್ನು ಕೆಳಗಿಟ್ಟರು. ಬಾತುಕೋಳಿ ಎಲ್ಲಿ ಎಂದು ಒಬ್ಬಳು ಕೇಳಿದಳು. ಆತ ಕೈಯಲ್ಲಿದ್ದ ಚೆಂಡನ್ನು ತಿರುವಿ ನೋಡಿದ. ಅಷ್ಟರಲ್ಲಿ ಕ್ವೀನಿ ಎದ್ದು ನಿಂತು, ನಮ್ಮ ನೋರಾಳಿಗೆ ಎಲ್ಲವೂ ಬಾಯಿಪಾಠ, ಅವಳನ್ನೇ ಹತ್ತಿಸಿ ಎಂದಳು. ಹೌದು, ಅವಳನ್ನು ವೇದಿಕೆ ಹತ್ತಿಸಿದವಳು ಕ್ವೀನಿಯೇ.

ನೋರಾ ಮೊದಲು ಒಲ್ಲೆ ಎಂದಳು. ಆಮೇಲೆ ಹತ್ತಿದಳು. ಮೈಕಿನ ಮುಂದೆ ನಿಂತವಳು ನಮಗೆ ಗೊತ್ತಿದ್ದ ನೋರಾ ಆಗಿರಲಿಲ್ಲ. ಬಲೆ ಮಾಳಿಗೆಯ ಕೈ ಇದ್ದ ಹಾಗೆಯೇ ನಾಲಿಗೆಯೂ ಇತ್ತು ಅವಳಿಗೆ. ಹಳೆಯ ಅಡ್ಡಹೆಸರುಗಳ ನಡುವೆ ಬಂದರಿನಿಂದ ಹೊಸವನ್ನು ಎತ್ತಿ ಎತ್ತಿ ಎಸೆದಳು. "ಬಲೆ ಹರಿದವಳ ಗೋಳು, ಐವತ್ತೇಳು." "ಗಾಳ ಹಾಕಿ ಕೂರು, ಮೂವತ್ತಾರು." "ಹರಾಜಿಗೆ ಬಂತು ಹೊತ್ತು, ಇಪ್ಪತ್ತು." ಮೀನು ಕೊಯ್ಯುವ ಶೆಡ್ಡಿನ ಹೆಂಗಸರು ಮೇಜು ಕುಟ್ಟಿ ನಕ್ಕರು. ಒಂದು ಎಂಬ ಚೆಂಡು ಬಂದಾಗ ಅವಳು ಅರೆಕ್ಷಣವೂ ತಡೆಯದೆ "ಹಡಗಿನ ಕಂಬ, ಒಂದು" ಎಂದು ಮುಂದೆ ಹೋದಳು. ಅಯ್ಯೋ ಪಾಪ ಎನ್ನಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಹಾಲು ಅವಳ ಕೈಯಲ್ಲಿತ್ತು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮ್ಯಾನೇಜರು ಅವಳನ್ನೇ ಮುಂದುವರಿಸಿದರು. ಆ ವಾರದ ಕೊನೆಯಲ್ಲಿ ದೊಡ್ಡ ಆಟ ಬಂತು. ಬಹುಮಾನ ಒಂದು ಬಣ್ಣದ ಟಿವಿ. ಅದನ್ನು ವೇದಿಕೆಯ ಮೇಲೆ ರಿಬ್ಬನ್ ಕಟ್ಟಿ ಇಟ್ಟಿದ್ದರು. ನಮ್ಮ ಬೀದಿಗಳಲ್ಲಿ ಬಣ್ಣದ ಟಿವಿ ಇದ್ದ ಮನೆಗಳು ಆಗ ಬೆರಳೆಣಿಕೆಯಷ್ಟು. ಆಟ ರಂಗೇರಿತು. ಅಲ್ಲಲ್ಲಿ ಹೆಂಗಸರು ಬೆವರತೊಡಗಿದರು. ಕ್ವೀನಿಗೂ ಒಂದೇ ನಂಬರು ಬಾಕಿ. ಅದು ಅವಳದೇ ನಂಬರು, ಎಪ್ಪತ್ತಮೂರು.

ನೋರಾ ಚೆಂಡು ತೆಗೆದಳು. ನೋಡಿದಳು.

"ಏಳು, ಮೂರು. ಎಪ್ಪತ್ತಮೂರು."

ಅಷ್ಟೇ. ರಾಣಿಯೂ ಇಲ್ಲ, ಜೇನೂ ಇಲ್ಲ. ಆದರೂ ಹಿಂದಿನ ಸಾಲಿನಲ್ಲಿ ಅಭ್ಯಾಸಬಲದಿಂದ ಝೂಂಯ್ ಶುರುವಾಯಿತು, ಹಬ್ಬಿತು. ಕ್ವೀನಿ ಎಂದಿನಂತೆ ತಲೆಯೆತ್ತಿ ನಕ್ಕಳು.

"ಇದೇನು ಜೇನುಗೂಡಲ್ಲ" ಎಂದಳು ನೋರಾ ಮೈಕಿನಲ್ಲಿ. "ಕಣ್ಣು ಕೆಳಗೆ." ಹಾಗೆಂದವಳೇ ಮುಂದಿನ ಚೆಂಡನ್ನು ಎಳೆದು ಕರೆದುಬಿಟ್ಟಳು. "ಮನೆಯ ಬೀಗದ ಕೈ, ಇಪ್ಪತ್ತೊಂದು."

ಬಾಲ್ಕನಿಯ ಕೆಳಗಿನಿಂದ ಯಾರೋ "ಹೌಸ್" ಎಂದು ಕೂಗಿದರು. ಕ್ವೀನಿಯ ಪೆನ್ನು ಇನ್ನೂ ಗಾಳಿಯಲ್ಲೇ ಇತ್ತು. ಮುಂದಿನ ನಂಬರು ಕರೆಯುವ ಮೊದಲೇ ಕೂಗಬೇಕೆಂಬುದು ಆಟದ ಕಾಯಿದೆ. ಕ್ವೀನಿ ತನ್ನ ಚೀಟಿಯನ್ನು ನೋಡಿದಳು, ವೇದಿಕೆಯನ್ನು ನೋಡಿದಳು. ಚೀಟಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಆಟ ಮುಗಿದ ಮೇಲೆ ಕೋಟು ತೂಗುಹಾಕುವ ಕೋಣೆಯಲ್ಲಿ ಅವರಿಬ್ಬರೇ ಉಳಿದರು. ನಾನು ಪಕ್ಕದಲ್ಲೇ ಚಹಾದ ಬಟ್ಟಲುಗಳನ್ನು ಒಟ್ಟು ಮಾಡುತ್ತಿದ್ದೆ. ಕೇಳಬಾರದೆಂದುಕೊಂಡರೂ ಕೇಳಿಸಿತು.

"ನಾನು ಬೆವರ್ತಾ ಇದ್ದದ್ದು ನಿಂಗೆ ಗೊತ್ತಿತ್ತಾ?" ಎಂದಳು ಕ್ವೀನಿ.

"ಮೇಲಿಂದ ಯಾರ ಚೀಟಿನೂ ಕಾಣಲ್ಲ."

"ಚೀಟಿ ಕಾಣಲ್ಲ. ನನ್ ಮುಖ ಕಾಣುತ್ತಲ್ಲ. ನೀನು ಅದನ್ನೇ ನೋಡ್ತಿದ್ದೆ."

ನೋರಾಳ ಕಟ್ಟೆ ಒಡೆಯಿತು. ಎಲ್ಲವೂ ನಿನಗೇ ಯಾಕೆ ಬರಬೇಕು ಎಂದು ಕೇಳಿದಳು. ರೊಟ್ಟಿಯ ತುಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೇಸ್ತ್ರಿ, ಕಿಟಕಿ ಪರದೆಗಳು, ಹೊಸ್ತಿಲ ಮೇಲಿನ ಪೈಗಳು. "ನಿನ್ ಗಂಡ ಸತ್ತ, ಇಡೀ ಊರು ನಿನ್ನ ತಲೆ ಮೇಲೆ ಹೊತ್ಕೊಂಡ್ತು. ನನ್ ಗಂಡ ಓಡಿಹೋದ, ನಂಗೆ ಅಯ್ಯೋ ಪಾಪ. ಅದೂ ಮೈಕಲ್ಲಿ."

ಕ್ವೀನಿ ಬೈಯುತ್ತಾಳೆಂದು ನಾನು ಕಾದೆ. ಅವಳು ಬೈಯಲಿಲ್ಲ. ಅವಳ ಧ್ವನಿ ಬಹಳ ಸಣ್ಣದಾಗಿತ್ತು.

"ನಿಂಗೆ ಹೊಟ್ಟೆಕಿಚ್ಚು ಅಂತ ನಂಗೆ ಬಲೆ ಮಾಳಿಗೆ ಕಾಲದಿಂದ್ಲೂ ಗೊತ್ತು ಕಣೇ. ಆ ಝೂಂಯ್ ನಂಗೆ ಖುಷಿ ಅಂದ್ಕೊಂಡಿದೀಯಾ? ಮೊದಲ ಸಲ ಖುಷಿಯಾಯ್ತು. ಆಮೇಲೆ ಅದು ಕೇಳ್ಸಿದಾಗೆಲ್ಲ ಬರ್ಟ್ ಸತ್ತ ಅನ್ನೋದೇ ನೆನಪು. ನಗ್ದೇ ಇದ್ರೆ ಜನ ಬೇಜಾರ್ ಮಾಡ್ಕೋತಾರಲ್ಲ ಅಂತ ತಲೆ ಎತ್ತಿ ನಗ್ತಿದ್ದೆ. ಇವತ್ತೂ ಅದಕ್ಕೇ ಎತ್ತಿದ್ದು." ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ಹೊಟ್ಟೆಕಿಚ್ಚು ನಂಗೂ ಇದೆ. ನಿನ್ ಮೇಲೆ."

"ನನ್ ಮೇಲಾ? ಏನಿದೆ ನನ್ನತ್ರ?"

"ನಿನ್ ಗಂಡ ಬದುಕಿದಾನೆ. ಯಾವಳ ಅಡುಗೆಮನೆಯಲ್ಲಾದ್ರೂ ಆಗ್ಲಿ, ಸಾಕ್ಸ್ ಒಣಗಿಸ್ಕೊಂಡು ಕೂತಿದಾನೆ. ಬೈಯೋಕಾದ್ರೂ ನಿಂಗೊಬ್ಬ ಇದಾನೆ. ನನ್ ಬರ್ಟ್‌ಗೆ ಒಂದು ಗೋರಿನೂ ಇಲ್ಲ, ಹೋಗಿ ಕೂರೋಕೆ."

ನೋರಾಳಿಗೆ ಆ ಕ್ಷಣ ಬಾಯಿಗೆ ಬಂದದ್ದು ಒಂದೇ. "ಹಾಗಾದ್ರೆ ಅವನನ್ನ ನೀನೇ ಇಟ್ಕೋ. ವಿಳಾಸ ಕೊಡ್ತೀನಿ."

ಕ್ವೀನಿ ಹೊರಟುಹೋದಳು. ಟ್ರಾಮ್ ನಿಲ್ದಾಣದವರೆಗೆ ಇಬ್ಬರೂ ದಿನಾ ತೋಳು ಹಿಡಿದು ನಡೆಯುತ್ತಿದ್ದವರು. ಅಂದು ಕ್ವೀನಿ ಮುಂಚಿನ ಟ್ರಾಮ್ ಹತ್ತಿದಳು, ನೋರಾ ಬೇಕೆಂದೇ ಮುಂದಿನದಕ್ಕೆ ನಿಂತಳು.

ಆ ಮೇಲೆ ಬಹುಕಾಲ ಅವರ ನಡುವೆ ಮಾತಿರಲಿಲ್ಲ. ಸಿರಿಲ್‌ನ ಗಂಟಲು ಅರ್ಧಂಬರ್ಧ ವಾಸಿಯಾಗಿ ಅವನು ಮರಳಿದಾಗ, ಮ್ಯಾನೇಜರು ಅವನಿಗೆ ಸಂಜೆಯ ಆಟಗಳನ್ನೂ ನೋರಾಳಿಗೆ ಮಧ್ಯಾಹ್ನದವನ್ನೂ ಹಂಚಿದರು. ಕೋಟಿನ ಕೋಣೆಯಲ್ಲಿ ಕೇಳಿದ್ದರಲ್ಲಿ ಸ್ವಲ್ಪವನ್ನು ನಾನು ಸಿರಿಲ್‌ಗೆ ಹೇಳಿದೆ. ಅವನು ಬಹಳ ಹೊತ್ತು ತನ್ನ ಬೋ ಸರಿಪಡಿಸಿಕೊಳ್ಳುತ್ತ ನಿಂತ. ಅವಳು ಕೇಳಿದಳಲ್ಲ ಎಂದು ಆ ಸಾಲನ್ನು ಪ್ರೀತಿಯಿಂದ ಕಟ್ಟಿದ್ದೆ ಎಂದ. ಅಂದಿನಿಂದ ಅವನೂ ಒಂದಕ್ಕೆ ಹಡಗಿನ ಕಂಬವನ್ನೇ ಇಟ್ಟುಕೊಂಡ. ರಾಣಿ ಜೇನನ್ನು ಮಾತ್ರ ಬಿಡಲಾಗಲಿಲ್ಲ. ಜನ ಬಿಡಗೊಡಲಿಲ್ಲ.

ಕ್ವೀನಿ ಸಂಜೆಗೆ ಬರತೊಡಗಿದಳು. ನೋರಾಳ ಮಧ್ಯಾಹ್ನದ ಆಟಕ್ಕೆ ಕ್ಲೀವ್‌ಲಿಸ್ಸಿನಿಂದ, ನದಿಯ ಆಚೆ ದಡದ ನಾಟ್ ಎಂಡ್‌ನಿಂದ ಕೂಡ ಜನ ಬಂದರು. ಹೊಸ ಅಡ್ಡಹೆಸರುಗಳನ್ನು ಮೀನು ಮಾರುಕಟ್ಟೆಯ ಗಂಡಸರೂ ಆಡತೊಡಗಿದರು. ಬೇಕೆಂದದ್ದೆಲ್ಲ ಸಿಕ್ಕಿತ್ತು ಅವಳಿಗೆ. ಆದರೂ ದಿನಾ ನನ್ನ ಕಿಟಕಿಯ ಮುಂದೆ ನಿಂತು, ಏನೂ ಇಲ್ಲವೆಂಬಂತೆ ಕೈಗವಸು ಕಳಚುತ್ತ, ನಿನ್ನೆ ಸಂಜೆ ಎಪ್ಪತ್ತಮೂರು ಬಂತೇ, ಜನ ಝೂಂಯ್ ಎಂದರೇ, ಅವಳ ಪಕ್ಕದಲ್ಲಿ ಈಗ ಯಾರು ಕೂರುತ್ತಾರೆ ಎಂದು ಕೇಳುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಬೇಕರಿಯ ಹೆಂಗಸೊಬ್ಬಳು ಕೂರುತ್ತಾಳೆ ಎಂದಾಗ ಅವಳ ಮುಖ ಹುಳಿ ತಿಂದಂತಾಯಿತು. ಆ ಬೇಕರಿಯವಳಿಗೆ ಚೀಟಿಯಲ್ಲಿ ಆರು ಯಾವುದು, ಒಂಬತ್ತು ಯಾವುದು ತಿಳಿಯುವುದಿಲ್ಲ ಎಂದಳು.

ಮರುವರ್ಷ ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ನೋರಾ ಕಿಟಕಿಯ ಮುಂದೆ ನಿಂತು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. "ವಾಲ್ಟರ್ ಹೋದ" ಎಂದಳು. ಗ್ರಿಮ್ಸ್‌ಬಿಯ ಆ ಹೆಂಗಸು ಬಂದರಿನ ಕಚೇರಿಗೆ ಫೋನು ಮಾಡಿ ತಿಳಿಸಿದ್ದಳು. ಎದೆನೋವಂತೆ, ಬೆಳಗಿನ ತಿಂಡಿಯ ಹೊತ್ತಿಗೆ. ಮನೆಗೆ ಹೋಗು ಎಂದೆ. ಅವಳು ಕೇಳದೆ ವೇದಿಕೆ ಹತ್ತಿ, ಒಂದು ತಪ್ಪಿಲ್ಲದೆ ಪೂರ್ತಿ ಆಟ ಕರೆದಳು. ಬಾತುಕೋಳಿಗೆ ಜನ ಕ್ವಾಕ್ ಎಂದಾಗ ನಕ್ಕಳು ಸಹ. ಆಟ ಮುಗಿದ ಮೇಲೆ ಟ್ರಾಮ್ ಹಿಡಿಯದೆ ಕ್ವೀನಿಯ ಮನೆಯ ಕಡೆಗೆ ನಡೆದಳು. ಮುಂದಿನದು ಕ್ವೀನಿ ಹೇಳಿದ್ದು. ಬಾಗಿಲು ತೆರೆದರೆ ನೋರಾ ಹಸಿರು ಕೋಟಿನಲ್ಲಿ ನಿಂತಿದ್ದಳಂತೆ.

"ಅವನು ಸತ್ತ ಕಣೇ. ಈಗ ಬೈಯೋಕೂ ಯಾರೂ ಇಲ್ಲ."

"ಒಳಗೆ ಬಾ" ಎಂದಳು ಕ್ವೀನಿ. ಮನೆಯಲ್ಲಿ ಪೈ ಇರಲಿಲ್ಲವಂತೆ. ಇಬ್ಬರೂ ಹುರಿದ ರೊಟ್ಟಿಯ ಮೇಲೆ ಮೊಟ್ಟೆ ಹಾಕಿಕೊಂಡು ತಿಂದರು.

ಗ್ರಿಮ್ಸ್‌ಬಿಗೆ ವಾಲ್ಟರನ ಅಂತ್ಯಕ್ರಿಯೆಗೆ ಇಬ್ಬರೂ ಜೊತೆಯಾಗಿ ಹೋದರು. ಪ್ರಾರ್ಥನೆಯ ಚಾಪೆಲ್ಲಿನಲ್ಲಿ ಮೊದಲ ಸಾಲು ಆ ಹೆಂಗಸಿನದು, ಐವಿ ಎಂದು ಅವಳ ಹೆಸರು. ಕೈಕುಲುಕುವವರೆಲ್ಲ ಅವಳ ಕೈಯನ್ನೇ ಕುಲುಕಿದರು. ಕಾಗದಪತ್ರದ ಪ್ರಕಾರ ಹೆಂಡತಿಯಾಗಿದ್ದ ನೋರಾ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ. ನೋರಾಳಿಗಿದ್ದದ್ದು ದುಃಖವೋ ಸಿಟ್ಟೋ ತಿಳಿಯಲಿಲ್ಲ ಎಂದಳು ಕ್ವೀನಿ. ಅವಳು ಸುಮ್ಮನೆ ನೋರಾಳ ಕೈ ಹಿಡಿದುಕೊಂಡಿದ್ದಳಂತೆ. ಆಮೇಲೆ ಐವಿಯ ಮನೆಯಲ್ಲಿ ಚಹಾ. ಐವಿ ತಾನಾಗಿ ಬಂದು ನೋರಾಳ ಎದುರು ನಿಂತು, ಏನು ಹೇಳಬೇಕೆಂದು ತಿಳಿಯದೆ, ಹಾಲು ಹಾಕಲೇ ಎಂದು ಕೇಳಿದಳು. ನೋರಾ ಹಾಕಿ ಎಂದಳು. ಒಲೆಯ ಪಕ್ಕದಲ್ಲಿ ವಾಲ್ಟರನ ಚಪ್ಪಲಿಗಳಿದ್ದವು, ಒಳಗೆ ಉಣ್ಣೆಯಿದ್ದ ಒಳ್ಳೆಯ ಮನೆಚಪ್ಪಲಿ. ನೋರಾ ಅವನ್ನೇ ನೋಡುತ್ತ ಚಹಾ ಕುಡಿದು ಮುಗಿಸಿದಳು.

ವಾಪಸ್ಸು ಬರುವ ರೈಲಿನಲ್ಲಿ ಕ್ವೀನಿ ಹ್ಯಾಮ್ ಸ್ಯಾಂಡ್‌ವಿಚ್ ಬಿಚ್ಚಿದಳು.

"ನಿಜ ಹೇಳು. ಅವಳು ನನಗಿಂತ ಚೆನ್ನಾಗಿದಾಳಾ?" ಎಂದು ಕೇಳಿದಳು ನೋರಾ.

ಕ್ವೀನಿ ಯೋಚಿಸಿದಳು. "ಹೂಂ. ಸ್ವಲ್ಪ."

"ಸುಳ್ಳು ಹೇಳೋಕೂ ಬರಲ್ವಾ ನಿಂಗೆ?"

"ಬರಲ್ಲ. ತಿನ್ನು."

ಆ ಬಳಿಕ ಕ್ವೀನಿ ಮಧ್ಯಾಹ್ನದ ಆಟಕ್ಕೆ ಮರಳಿದಳು, ಮುಂದಿನ ಮೇಜಿಗೆ. ನೋರಾಳ ಆಟದಲ್ಲಿ ಎಪ್ಪತ್ತಮೂರು ಬರೀ ಎಪ್ಪತ್ತಮೂರಾಗಿಯೇ ಉಳಿಯಿತು. ಕ್ವೀನಿಗೂ ಅದೇ ಬೇಕಾಗಿತ್ತು. ಹಾಲು ಮುಚ್ಚುವವರೆಗೆ ನೋರಾ ಕರೆದಳು. ಅಷ್ಟು ಹೊತ್ತಿಗೆ ಬಂದರಿನಲ್ಲಿ ದೋಣಿಗಳೂ ಇರಲಿಲ್ಲ, ಬಲೆ ಮಾಳಿಗೆಯೂ ಇರಲಿಲ್ಲ. ಹೊಟ್ಟೆಕಿಚ್ಚು ಕಡಿಮೆಯಾಯಿತೇ ಎಂದರೆ, ಇಲ್ಲ. ಕ್ವೀನಿಗೆ ಹೊಸ ಹಲ್ಲಿನ ಸೆಟ್ಟು ಚೆನ್ನಾಗಿ ಕೂತಿತು, ತನ್ನದು ಕೂರಲಿಲ್ಲ ಎಂದು ನೋರಾ ಒಂದು ಚಳಿಗಾಲವಿಡೀ ಮುಖ ಗಂಟಿಕ್ಕಿಕೊಂಡಿದ್ದಳು.

ಈಗ ಇಬ್ಬರೂ ಕಡಲ ದಂಡೆಯ ರಸ್ತೆಯಲ್ಲಿರುವ ವೃದ್ಧರ ಮನೆಯಲ್ಲಿದ್ದಾರೆ. ಮೊದಲು ಕ್ವೀನಿಗೆ ಕಡಲು ಕಾಣುವ ಕೋಣೆ ಸಿಕ್ಕಿತು, ನೋರಾಳಿಗೆ ಬಸ್ ನಿಲ್ದಾಣ ಕಾಣುವ ಕೋಣೆ. ನೋರಾ ಊಟ ಬಿಟ್ಟು ಕೂತಳು. ಕ್ವೀನಿ ನಕ್ಕು ಕೋಣೆ ಬದಲಾಯಿಸಿಕೊಂಡಳು. ಮೊನ್ನೆ ನಾನು ನೋಡಲು ಹೋದಾಗ ನೋರಾ ಕಡಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದಳು. ಈ ಕಡೆ ಬರೀ ನೀರು, ನೋಡೋಕೆ ಏನಿದೆ ಎಂದಳು. ಆ ಕಡೆ ಇಡೀ ದಿನ ಜನ ಹತ್ತುತ್ತಾರೆ, ಇಳಿಯುತ್ತಾರೆ, ಜಗಳಾಡುತ್ತಾರೆ, ಅದನ್ನೆಲ್ಲ ಕ್ವೀನಿ ಒಬ್ಬಳೇ ನೋಡುತ್ತಿದ್ದಾಳಂತೆ.